ಪರೀಕ್ಷೆಯ ತನಕ ಪಂಚಮಿ

ಹೋದ ತಿಂಗಳು ನಮ್ಮ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ ಮಾಡಿದರು. ನವನಗರದಿಂದ ನಾನೂ ಹೋಗಿದ್ದೆ. ಮೈಕಿನ ಮುಂದೆ ನಿಂತವರೆಲ್ಲ ಒಬ್ಬರ ಹಿಂದೆ ಒಬ್ಬರು ‘ಶಾಂತ ಸ್ವಭಾವದವರು, ಮಿತಭಾಷಿಗಳು’ ಎಂದು ಹೇಳಿ ಕೆಳಗಿಳಿದರು. ಅಯ್ಯೋ ಶಿವನೇ! ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು ನಿಜ, ಹಾಗಂತ ಇನ್ಯಾರದೋ ಗುಣ ತಂದು ಇವರಿಗೆ ಹಚ್ಚಬೇಕೇ? ನನ್ನ ಪಕ್ಕ ಕೂತಿದ್ದ ಮೆಹಬೂಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗದಗದ ನಡುಗುತ್ತಿದ್ದಳು. ಅಳುತ್ತಿದ್ದಾಳೆಂದು ಹಿಂದಿನ ಸಾಲಿನವರು ನೀರು ತಂದುಕೊಟ್ಟರು. ಅವಳು ನಗುತ್ತಿದ್ದಳು. ಇಬ್ಬರೂ ಅಕ್ಕೋರ ಕೈಯಲ್ಲಿ ಬಿ.ಎ. ಓದಿದವರು, ಅವರ ಶಾಂತ ಸ್ವಭಾವ ನಮಗೆ ಗೊತ್ತಿಲ್ಲವೇ?

ಅವರು ನಕ್ಕರೆ ಕಾಲೇಜಿನ ಬೇವಿನ ಮರದ ಕಾಗೆಗಳು ಎದ್ದು ಹಾರುತ್ತಿದ್ದವು. ಸಿಟ್ಟು ಬಂದರೂ ಅಷ್ಟೇ. ಊರಿನ ಹೆಸರು, ಕಾಲೇಜಿನ ಹೆಸರು ನಾನು ಬರೆಯುವುದಿಲ್ಲ. ಆಗಿನವರು ಕೆಲವರು ಇನ್ನೂ ಬದುಕಿದ್ದಾರೆ, ಸುಮ್ಮನೆ ಯಾಕೆ? ಹುನಗುಂದ ತಾಲೂಕು, ಇಳಕಲ್ಲಿಗೆ ಹತ್ತಿರ, ಎಪ್ಪತ್ತರ ದಶಕದ ಕೊನೆ ಎಂದರೆ ಸಾಕು. ಓಣಿಗೊಂದರಂತೆ ಮಗ್ಗದ ಸದ್ದು ಕೇಳುತ್ತಿದ್ದ ಊರು.

‘ಅಕ್ಕೋರು’ ಎಂದರೆ ನಮ್ಮ ಕಡೆ ಕನ್ನಡ ಸಾಲಿಯ ಶಿಕ್ಷಕಿ. ಇವರು ಕಾಲೇಜಿನಲ್ಲಿ ಇತಿಹಾಸ ಹೇಳುವವರು. ಹಳ್ಳಿಯಿಂದ ಬಂದ ನಾವು ರೂಢಿಯಂತೆ ಅಕ್ಕೋರೇ ಎಂದೆವು. ಪ್ರಿನ್ಸಿಪಾಲರು ತಿದ್ದಿದರು. “ಕಾಲೇಜಿನ್ಯಾಗ ಮೇಡಂ ಅನ್ನಬೇಕವಾ.” ಇವರು ಅಲ್ಲೇ ನಿಂತು, “ಇರ್ಲಿ ಬಿಡ್ರಿ ಸರ್. ಅಕ್ಕ ಅಂದ್ರ ಬೈದ್ರೂ ಕೇಳ್ತಾವ, ಮೇಡಂ ಅಂದ್ರ ಬರೇ ಎದ್ದು ನಿಂದರತಾವ” ಎಂದರು. ಅಂದಿನಿಂದ ಹುಡುಗರ ವರ್ಗಕ್ಕೂ ಅವರು ಅಕ್ಕೋರೇ ಆದರು.

ಎತ್ತರದ ಹೆಂಗಸು. ಅಪ್ಪ ಕುರಿ ಕಾಯ್ದವರು, ಬೀರಪ್ಪನ ಒಕ್ಕಲು. ಅಪ್ಪನ ಹಿಂದೆ ಕುರಿಗಳ ಬೆನ್ನು ಹತ್ತಿ ನಡೆದ ಕಾಲು, ವರಾಂಡದಲ್ಲಿ ಅವರ ಜೊತೆ ಹೆಜ್ಜೆ ಹಾಕಬೇಕೆಂದರೆ ನಾವು ಓಡಬೇಕಿತ್ತು. ಚಳಿಗಾಲದಲ್ಲಿ ಸೀರೆಯ ಮೇಲೆ ಕರಿ ಕಂಬಳಿ ಹೊದ್ದು ಬರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಒಬ್ಬರು, “ಅಕ್ಕೋರ, ಕಾಲೇಜಿಗೆ ಕಂಬಳಿ ಹೊದ್ಕೊಂಡು ಬರೂದು ಚಲೋ ಕಾಣಂಗಿಲ್ರಿ” ಎಂದರಂತೆ. ಇವರು ಆತನ ಸ್ವೆಟರಿನ ತೋಳು ಹಿಡಿದು ನೋಡಿ, “ಇದೂ ಕುರಿದ ಐತ್ರಿ. ನನ್ನ ಕುರಿ ಯಾವೂರದು ಅಂತ ನಂಗ ಗೊತ್ತು. ನಿಮ್ಮ ಕುರಿ ಯಾವೂರದು?” ಎಂದು ಕೇಳಿದರಂತೆ.

ಮದುವೆ ಆಗಿರಲಿಲ್ಲ. ಆ ಕಾಲದಲ್ಲಿ, ಆ ಊರಲ್ಲಿ, ಅದೇ ಒಂದು ದೊಡ್ಡ ಸುದ್ದಿ. ಮೆಹಬೂಬಿ ಒಮ್ಮೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು. “ಯಾಕ್ರಿ ಅಕ್ಕೋರ, ವರ ಬರಲಿಲ್ಲೇನ್ರಿ?”

“ಬಂದಿದ್ರು ತಂಗಿ, ಭಾಳ ಮಂದಿ ಬಂದಿದ್ರು. ಅವರು ನನಗ ಹಾಡು ಬರತೈತೇನು, ರಂಗೋಲಿ ಹಾಕಾಕ ಬರತೈತೇನು ಅಂತ ಕೇಳಾವ್ರು. ಆಮ್ಯಾಲೆ ನಾನೂ ಒಂದೆರಡು ಪ್ರಶ್ನಿ ಕೇಳ್ತಿದ್ದೆ. ಒಬ್ಬಾಂವರ ಪಾಸಾಗಬೇಕಲ್ಲ!”

ಮುಂಜಾನೆಯ ಹೆಣ್ಣುಮಕ್ಕಳ ವರ್ಗ ಅವರು ಹಟ ಹಿಡಿದು ತೆರೆಸಿದ್ದು. ಹುಡುಗರ ಜೊತೆ ಕೂಡಿಸಿ ಓದಿಸಲು ಊರಿನ ಹಿರಿಯರು ಒಪ್ಪುತ್ತಿರಲಿಲ್ಲ. ಸರಿ, ಬೇರೆಯೇ ಕೂಡಿಸೋಣ, ಓದು ನಿಲ್ಲಬಾರದು ಎಂದರು ಅಕ್ಕೋರು. ನೇಕಾರರ ಹುಡುಗಿಯರು ಮಗ್ಗದ ಕಂಡಿಕೆಗೆ ನೂಲು ಸುತ್ತಿಟ್ಟು ಬರುತ್ತಿದ್ದರು, ಕಲ್ಲು ಒಡೆಯುವವರ ಮಗಳೊಬ್ಬಳು ಬರುತ್ತಿದ್ದಳು, ಊರ ಹೊರಗಿನ ಕೇರಿಯವರು, ಮೆಹಬೂಬಿಯಂಥವರು, ನನ್ನಂಥ ಲಿಂಗಾಯತರ ಮನೆಯವರು, ಎಲ್ಲರೂ ಒಂದೇ ಜಮಖಾನೆಯ ಮೇಲೆ. ಬುತ್ತಿ ಬಿಚ್ಚುವಾಗ ಅಕ್ಕೋರದು ಒಂದೇ ಕಟ್ಟಳೆ: ಯಾರೂ ತಮ್ಮ ಬುತ್ತಿ ತಾವು ಉಣ್ಣುವಂತಿಲ್ಲ.

ಇದು ನಮ್ಮವ್ವನ ಕಿವಿಗೆ ಬಿತ್ತು. ದಿನಾ ಮುಂಜಾನೆ ವಚನ ಹೇಳುವ ಮನೆ ನಮ್ಮದು. ಆದರೆ ವಚನ ಬೇರೆ, ರೊಟ್ಟಿ ಬೇರೆ. ಅವ್ವ ರಂಪ ಎಬ್ಬಿಸಿದಳು. ಮರುದಿನ ಸಂಜೆ ಅಕ್ಕೋರು ನಮ್ಮ ಮನೆಗೇ ಬಂದರು, ಅಡುಗೆಮನೆ ಬಾಗಿಲಲ್ಲಿ ಕೂತರು, “ಹಸಿವಾಗೇತ್ರಿ ಅವ್ವಾರ” ಎಂದರು. ಹಸಿದು ಬಂದವರಿಗೆ ಇಲ್ಲ ಎನ್ನಲು ಅವ್ವನಿಗೆ ಬರುತ್ತಿರಲಿಲ್ಲ. ಎರಡು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡು ಮುಗಿಸಿ ಅಕ್ಕೋರು ತಣ್ಣಗೆ ಕೇಳಿದರು. “ನಮ್ಮಪ್ಪ ಕುರಿ ಕಾಯಾಂವ್ರಿ. ಈ ತಾಟು ತೊಳದು ಇಡ್ತೀರೋ, ತಿಪ್ಪಿಗೆ ಒಗೀತೀರೋ?” ಅವ್ವನ ಮುಖ ಕೆಂಪಗಾಯಿತು. ಆಮೇಲೆ ನಗು ತಡೆಯಲಾಗದೆ, “ಇನ್ನೊಂದು ರೊಟ್ಟಿ ಹಾಕ್ಕೊಳ್ರಿ ನಮ್ಮವ್ವಾ, ನಿಮ್ಮ ಕೂಡ ಯಾರು ಮಾತಾಡಬೇಕು!” ಎಂದಳು. ಬುತ್ತಿಯ ತಕರಾರು ಅಲ್ಲಿಗೆ ಮುಗಿಯಿತು.

ಬಾದಾಮಿಯ ಗುಹೆಗಳನ್ನು ನೋಡದೆ ಇತಿಹಾಸ ಓದುವುದೆಂದರೆ ಉಪ್ಪಿಲ್ಲದ ಪಲ್ಯ ಎಂಬುದು ಅವರ ವಾದ. ಆದರೆ ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಕಳಿಸುವವರು ಯಾರು? ಅಕ್ಕೋರು ಮನೆಮನೆಗೆ ಹೋಗಿ, “ಬನಶಂಕರಿಗೆ ಕಾಯಿ ಒಡಿಸ್ಕೊಂಡು ಬರ್ತೇವ್ರಿ” ಎಂದರು. ದೇವಿಗೆ ಯಾರು ಬೇಡವೆನ್ನುತ್ತಾರೆ? ಮೆಹಬೂಬಿಯ ಅಬ್ಬಾ ಕೂಡ, “ದೇವರ ಹೆಸರು ಹೇಳ್ತೀರಿ, ಹೋಗಿ ಬರ್ಲಿ” ಎಂದರು. ಮೊದಲು ಬನಶಂಕರಿಗೇ ಹೋದೆವು, ಕಾಯಿ ಒಡೆಸಿದೆವು. ಸುಳ್ಳು ಹೇಳುವುದು ಅಕ್ಕೋರಿಗೆ ಆಗದು. ಆಮೇಲೆ ಮಧ್ಯಾಹ್ನವಿಡೀ ಬಾದಾಮಿಯ ಕೆಂಪು ಗುಡ್ಡ ಹತ್ತಿದ್ದೇ ಹತ್ತಿದ್ದು. ಮೊದಲ ಗುಹೆಯ ನಟರಾಜನ ಮುಂದೆ ನಿಂತು ಅವನ ಕೈಗಳನ್ನು ನಾವು ಎಣಿಸುತ್ತಿದ್ದರೆ, ಮಂಗಗಳು ನಮ್ಮ ಬುತ್ತಿಗಂಟು ಹೊತ್ತೊಯ್ದವು. ಅಕ್ಕೋರು ಬೈಯಲಿಲ್ಲ. “ತಿನ್ನಲಿ ಬಿಡ್ರಿ, ಅವೂ ತಮ್ಮ ಬುತ್ತಿ ತಾವು ಉಣ್ಣಂಗಿಲ್ಲ” ಎಂದು ನಕ್ಕರು.

ಎರಡು ವರ್ಷ ಹೀಗೆ ಓದಿದೆ. ಕೊನೆಯ ವರ್ಷ ಶುರುವಾಗುವ ಮೊದಲೇ ಕಮತಗಿಯ ಸಂಬಂಧ ಬಂತು, ಮದುವೆಯಾಯಿತು. ಅಕ್ಕೋರು ಮದುವೆಗೆ ಬಂದು ಹೊಟ್ಟೆ ತುಂಬ ಉಂಡು, ಬೀಗರ ಕಡೆಯವರನ್ನೆಲ್ಲ ನಗಿಸಿ ಹೋದರು. ಓದು ಬಿಡಿಸಿದಿರಿ ಎಂದು ಒಂದು ಮಾತೂ ಆಡಲಿಲ್ಲ. ನನಗೆ ಅದೇ ಸಂಕಟ. ಒಂದು ಸಲ ಬೈದಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ.

ಕಮತಗಿಯಲ್ಲಿ ನನಗೆ ಕಷ್ಟವಿತ್ತು ಎಂದರೆ ನಾಲಿಗೆ ಬಿದ್ದೀತು. ಅತ್ತೆ ಕಡಿಮೆ ಮಾತಿನವರು, ಕೈ ಗಟ್ಟಿ, ಮನಸ್ಸು ಗಟ್ಟಿ, ಆದರೆ ಒಂದು ದಿನವೂ ನನಗೆ ಉಣ್ಣಲು ಕಡಿಮೆ ಮಾಡಿದವರಲ್ಲ. ಯಜಮಾನರು ಸಾಧು ಮನುಷ್ಯ, ಸೊಸೈಟಿಯಲ್ಲಿ ನೌಕರಿ. ಎಲ್ಲ ಇತ್ತು. ಆದರೂ ಉಳಿದ ಒಂದು ವರ್ಷ ಅನ್ನದಲ್ಲಿ ಸಿಕ್ಕ ಹರಳಿನಂತೆ ಹಲ್ಲಿಗೆ ಹತ್ತುತ್ತಲೇ ಇತ್ತು. ರಸ್ತೆಯಲ್ಲಿ ಯಾರಾದರೂ ಹುಡುಗಿ ಪುಸ್ತಕ ಹಿಡಿದು ಹೋಗುತ್ತಿದ್ದರೆ ನಾನು ಒಳಗೆ ಸರಿದು ನಿಲ್ಲುತ್ತಿದ್ದೆ.

ವರ್ಷ ಕಳೆಯಿತು. ಅತ್ತ ಕಾಲೇಜಿನಲ್ಲಿ ಬೇರೆಯೇ ಗಂಡಾಂತರ. ನನಗಿಂತ ಒಂದು ವರ್ಷ ಹಿಂದಿದ್ದ ಮೆಹಬೂಬಿ ಇದನ್ನೆಲ್ಲ ಆಮೇಲೆ ಹೇಳಿದಳು. ಸರಕಾರ ಅನುದಾನ ಕಡಿತ ಮಾಡಿತ್ತು. ಸಂಖ್ಯೆ ಕಡಿಮೆ ಇರುವ ವರ್ಗಗಳನ್ನು ನಿಲ್ಲಿಸಿ, ಇದ್ದವರನ್ನು ಬೇರೆ ವರ್ಗಕ್ಕೆ ಸೇರಿಸಬೇಕೆಂದು ವಿಶ್ವವಿದ್ಯಾಲಯದ ಆದೇಶ ಬಂತು. ಮೊದಲ ಕಣ್ಣು ಬಿದ್ದದ್ದು ಹೆಣ್ಣುಮಕ್ಕಳ ವರ್ಗದ ಮೇಲೆ. ಹುಡುಗರ ಜೊತೆ ಕೂಡಿಸಿದರೆ ಅರ್ಧಕ್ಕರ್ಧ ಹುಡುಗಿಯರು ಮರುದಿನವೇ ಮನೆಯಲ್ಲಿ ಕೂರುವವರು. ಅಲ್ಲಿಯ ಸಮಿತಿಯವರು ಒಂದು ದಿನ ಬಂದು ವರ್ಗ ತುಂಬಿದೆಯೋ ಇಲ್ಲವೋ ಕಣ್ಣಾರೆ ನೋಡಿ ವರದಿ ಕೊಡುವುದು ಎಂದಾಯಿತು. ಪ್ರಿನ್ಸಿಪಾಲರು ಸೂಟಿ ಇಲ್ಲದ ದಿನ ನೋಡಿ ತಾರೀಖು ಒಪ್ಪಿಕೊಂಡರು.

ಒಪ್ಪಿಕೊಂಡದ್ದು ರೊಟ್ಟಿ ಹಬ್ಬದ ದಿನ! ಪಂಚಮಿಯಲ್ಲಿ ನಾಗಪ್ಪನಿಗೆ ಹಾಲೆರೆಯುವ ಮುಂಚಿನ ದಿನ ನಮ್ಮ ಕಡೆ ರೊಟ್ಟಿ ಹಬ್ಬ. ಮನೆಮನೆಯಲ್ಲಿ ರೊಟ್ಟಿ ಬಡಿದು, ಬುಟ್ಟಿ ತುಂಬಿ, ಓಣಿ ತುಂಬ ಹಂಚಿ, ಅವರ ಮನೆಯದನ್ನು ಇವರು, ಇವರ ಮನೆಯದನ್ನು ಅವರು ತಿನ್ನುವ ದಿನ. ಅಂದು ಹೆಣ್ಣುಮಕ್ಕಳು ಕಾಲೇಜಿಗೆ ಬರುವುದು ಕನಸಿನ ಮಾತು. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ರೊಟ್ಟಿ ಹಬ್ಬಕ್ಕೆ ಕೆಂಪು ಬಣ್ಣ ಎಲ್ಲಿ?

“ಸರ್, ಗಂಡಸರ ಕ್ಯಾಲೆಂಡರ್ ನೋಡೀರಿ” ಎಂದು ಅಕ್ಕೋರು ನಕ್ಕರಂತೆ. “ಮನ್ಯಾಗ ಒಂದು ಮಾತು ಕೇಳಬೇಕಿತ್ತು.”

ಪ್ರಿನ್ಸಿಪಾಲರು ಮನೆಗೆ ಹೋಗಿ ಕೇಳಿದರೆ ಅವರ ಹೆಂಡತಿ, “ಅವತ್ತು ಯಾವ ಸಾಹೇಬ ಬಂದ್ರೂ ಅಷ್ಟ. ನಂಗ ಅವರಿಗೆ ಚಾ ಮಾಡಾಕೂ ಪುರಸೊತ್ತಿಲ್ಲ” ಎಂದರಂತೆ. ತಾರೀಖು ಬದಲಿಸಲು ಸಮಿತಿಯವರು ಒಪ್ಪಲಿಲ್ಲ. ಪ್ರಿನ್ಸಿಪಾಲರು ತಲೆ ಮೇಲೆ ಕೈ ಹೊತ್ತು ಕೂತರು.

ಅಷ್ಟರಲ್ಲಿ ನಾನು ಹಬ್ಬಕ್ಕೆಂದು ತವರಿಗೆ ಬಂದಿದ್ದೆ. ಒಂದು ಸಂಜೆ ಅಕ್ಕೋರು ದಡದಡ ಒಳಗೆ ಬಂದರು. “ಅವ್ವಾರ, ಈ ಸಲ ರೊಟ್ಟಿ ಹಂಚಾಕ ಓಣಿ ಓಣಿ ತಿರಗಬ್ಯಾಡ್ರಿ. ಎಲ್ಲಾರೂ ಬುಟ್ಟಿ ತಗೊಂಡು ಕಾಲೇಜಿಗೆ ಬರ್ರಿ. ಬೇವಿನ ಗಿಡಕ್ಕ ಜೋಕಾಲಿ ಕಟ್ಟಸ್ತೇನಿ. ಅಲ್ಲೇ ಹಂಚೂಣು, ಅಲ್ಲೇ ಉಣ್ಣೂಣು.”

“ಲಗ್ನ ಆದ ಹುಡಿಗ್ಯಾರೂ ಬರಬಹುದೇನ್ರಿ?” ಎಂದಳು ಅವ್ವ.

“ಅವರೇ ಮೊದಲ ಬರಬೇಕು” ಎಂದರು ಅಕ್ಕೋರು. ನನ್ನ ಕಡೆ ತಿರುಗಿ, “ನೀ ಬರ್ತೀ ಅಲ್ಲ ತಂಗಿ?” ಎಂದರು. ಅಷ್ಟೇ. ಹಾಗೆಯೇ ಊರಿನ ಅರ್ಧ ಮನೆಗಳನ್ನು ತಿರುಗಿದರು. ಮದುವೆಯಾಗಿ ಓದು ಬಿಟ್ಟ ಹುಡುಗಿಯರೆಲ್ಲ ಪಂಚಮಿಗೆ ತವರಿನಲ್ಲಿ ಸಿಗುತ್ತಾರೆಂಬುದು ಪ್ರಿನ್ಸಿಪಾಲರಿಗೂ ಹೊಳೆದಿರಲಿಲ್ಲ, ಸಮಿತಿಗೂ ಹೊಳೆದಿರಲಿಲ್ಲ.

ಸಮಿತಿಯ ಜೀಪು ಬಂದಾಗ ಜೋಕಾಲಿಯ ಮೇಲೆ ಇಬ್ಬರು ಎದುರುಬದುರು ನಿಂತು ಜೀಕುತ್ತಿದ್ದರು. ಕಟ್ಟೆಯ ತುಂಬ ರೊಟ್ಟಿ ಬುಟ್ಟಿಗಳು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಾಳು ಪಲ್ಯ, ಎಣ್ಣೆಗಾಯಿ. ಎಳೆಕೂಸುಗಳು ಜಮಖಾನೆಯ ಮೇಲೆ ಹೊರಳುತ್ತಿದ್ದವು. ಸಮಿತಿಯ ಹಿರಿಯರು ಕನ್ನಡಕ ಏರಿಸಿ, “ಇದೇನಿದು, ಕಾಲೇಜೋ ಹಬ್ಬದ ಮನೆಯೋ?” ಎಂದರು.

“ಹೆಣ್ಣುಮಕ್ಕಳು ಬಂದ್ರ ಎರಡೂ ಆಗತೈತ್ರಿ” ಎಂದು ಹೇಳಿ ಅಕ್ಕೋರು ಕೈ ತಟ್ಟಿದರು. ನಾವೆಲ್ಲ ಓಡಿಹೋಗಿ ವರ್ಗದಲ್ಲಿ ಕೂತೆವು. ಕೂರಲು ಜಾಗ ಸಾಲಲಿಲ್ಲ, ಕಿಟಕಿಯಲ್ಲೂ ಕೂತರು. ಬುಟ್ಟಿ ಹೊತ್ತು ಬಂದ ಅವ್ವಂದಿರು ಹಿಂದೆ ಗೋಡೆಗೆ ಒರಗಿ ನಿಂತರು.

ಹಿರಿಯರಿಗೆ ಸಂಶಯ. ಕಂಕುಳಲ್ಲಿ ಕೂಸು ಹೊತ್ತಿದ್ದ ಒಬ್ಬಳನ್ನು, “ಬಾದಾಮಿಯ ಮೊದಲ ಗುಹೆಯ ನಟರಾಜನಿಗೆ ಎಷ್ಟು ಕೈ?” ಎಂದು ಕೇಳಿದರು.

“ಹದಿನೆಂಟ್ರಿ” ಎಂದಳು ಅವಳು, ತಡವರಿಸದೆ. ಹಿಂದಿನಿಂದ ನಮ್ಮವ್ವನ ದನಿ ಬಂತು. “ಅಷ್ಟು ಕೈ ನಮಗಿದ್ದಿದ್ರ ರೊಟ್ಟಿನೂ ಆಗ್ತಿತ್ತು, ಓದೂ ಆಗ್ತಿತ್ತು!” ವರ್ಗವೆಲ್ಲ ಗೊಳ್ಳೆಂದಿತು. ಅಕ್ಕೋರ ನಗುವಿಗೆ ಕಾಗೆಗಳು ಎದ್ದವು. ಆ ಹಿರಿಯರೂ ನಕ್ಕುಬಿಟ್ಟರು, ಪಾಪ, ಮನುಷ್ಯರೇ ತಾನೆ.

ನಕ್ಕು ಮುಗಿಸಿ, “ಆದರೆ ಇವರಲ್ಲಿ ಬಹಳ ಜನ ಈಗ ವಿದ್ಯಾರ್ಥಿನಿಯರಲ್ಲವಲ್ಲ” ಎಂದರು.

“ಸಾಹೇಬ್ರ, ಕುರಿ ಕಾಯೋರು ಮುಂಜಾನೆ ಎಣಿಸಿ ಸುಮ್ಮನಾಗಂಗಿಲ್ಲ. ಸಂಜಿಮುಂದ ಹಟ್ಟಿಗೆ ತಿರುಗಿ ಬಂದದ್ದನ್ನ ಎಣಿಸ್ತಾರ. ತಪ್ಪಿಸಿಕೊಂಡದ್ದು ತಾನ ತಿರುಗಿ ಬಂದ್ರ ಬಾಗಲಾ ಹಾಕ್ತಾರೇನ್ರಿ?”

ಹಿರಿಯರು ಕೈಯಲ್ಲಿದ್ದ ನಿಯಮಗಳ ಹಾಳೆ ತಿರುವಿ ನೋಡಿದರು. “ಬಿಟ್ಟವರು ಮರಳಿ ಸೇರಲು ನಿಯಮದಲ್ಲಿ ಅವಕಾಶವಿದೆ. ಆದರೆ ಹಬ್ಬಕ್ಕೆ ಬಂದು ಹೋಗುವವರನ್ನು ಲೆಕ್ಕಕ್ಕೆ ಹಿಡಿಯಲಾರೆ. ವರ್ಷವಿಡೀ ಓದಿ ಪರೀಕ್ಷೆಗೆ ಕೂರುವವರು ಯಾರು? ಕೈ ಎತ್ತಿ. ಅವರು ಕೂತರೆ ವರ್ಗ ಉಳಿಯುತ್ತದೆ.”

ಒಂದು ಕೈಯೂ ಮೇಲೇಳಲಿಲ್ಲ. ನಾನು ಅಕ್ಕೋರ ಮುಖ ನೋಡಿದೆ. ಅವರು ಬೇಕೆಂದೇ ಕಿಟಕಿಯ ಆಚೆ ನೋಡುತ್ತಿದ್ದರು. ಕಮತಗಿಯಲ್ಲಿ ಏನು ಹೇಳಲಿ? ಅತ್ತೆ ಏನೆಂದಾರು? ಇದನ್ನೆಲ್ಲ ಯೋಚಿಸುತ್ತಿರುವಾಗಲೇ ಕೈ ಮೇಲೆ ಹೋಗಿತ್ತು. ಬೆರಳಿಗೆಲ್ಲ ಅಗಸಿ ಹಿಂಡಿ ಮೆತ್ತಿತ್ತು. ಹಿಂದಿನಿಂದ ಅವ್ವ, “ಏ ಹುಚ್ಚಿ, ಅತ್ತಿಮನಿಯವರನ್ನ ಕೇಳಬ್ಯಾಡೇನು?” ಎಂದು ಸೆರಗು ಜಗ್ಗಿದಳು. ಕೈ ಇಳಿಸಲಿಲ್ಲ. ಪಕ್ಕದಲ್ಲಿ ಇನ್ನೊಂದು ಕೈ ಎದ್ದಿತು. ಕಿಟಕಿಯಲ್ಲಿ ಕೂತವಳು ಕೂಸಿನ ಕೈಯನ್ನೂ ಸೇರಿಸಿ ಎತ್ತಿದಳು. ಆಮೇಲೆ ಸಾಲು ಹತ್ತಿತು.

ಸಮಿತಿಯವರು ರೊಟ್ಟಿ ಉಂಡು, ಬುಟ್ಟಿಯಲ್ಲಿ ಕಟ್ಟಿಸಿಕೊಂಡು ಹೋದರು. ನನ್ನ ತಲೆಬಿಸಿ ಆಗ ಶುರುವಾಯಿತು. ತವರಿಗೆ ಬಂದ ಸೊಸೆ ತಾನಾಗಿ ಹಿಂದಿರುಗುವಂತಿಲ್ಲ, ಗಂಡನ ಮನೆಯವರು ಕರೆಯಲು ಬರಬೇಕು. ಬಂದು ಕರೆದರೆ ಇಲ್ಲ ಎನ್ನುವಂತಿಲ್ಲ. ಹಬ್ಬ ಮುಗಿಯುವುದಕ್ಕೂ ಅಕ್ಕೋರು ಕಮತಗಿಯ ಬಸ್ಸು ಹತ್ತುವುದಕ್ಕೂ ಸರಿಹೋಯಿತು. ಅಲ್ಲಿ ನಡೆದದ್ದನ್ನು ಅತ್ತೆಯವರೇ ಮುಂದೆ ಎಷ್ಟೋ ವರ್ಷ ಅಕ್ಕೋರ ದನಿಯಲ್ಲೇ ನಟಿಸಿ ತೋರಿಸುತ್ತಿದ್ದರು.

“ಸೊಸಿನ್ನ ಕರಿಯಾಕ ಯಾವಾಗ ಬರ್ತೀರ್ರಿ?”

“ಪಂಚಮಿ ಮುಗೀತಲ್ರಿ. ಈ ಸೋಮವಾರ.”

“ಪಂಚಮಿ ಇನ್ನೂ ಮುಗದಿಲ್ರಿ. ಈ ವರ್ಷ ಪರೀಕ್ಷಾ ತನಕ ಐತಿ.”

ಅತ್ತೆಗೆ ಮೊದಲು ಇವರಿಗೇನೋ ಆಗಿದೆ ಅನ್ನಿಸಿತಂತೆ. ಎಲ್ಲ ಕೇಳಿಯಾದ ಮೇಲೆ, “ಮಂದಿ ಏನಂದಾರ್ರಿ? ಸೊಸಿ ಬಿಟ್ಟು ಹೋದಳು ಅಂತಾರ” ಎಂದರು.

“ನೀವು ಕರಿಯಾಕ ಹೋಗಿ ಆಕಿ ಬರಂಗಿಲ್ಲ ಅಂದ್ರ ಮಂದಿ ಅಂತಾರ. ನೀವು ಕರಿಯಾಕ ಹೋಗೇ ಇಲ್ಲ ಅಂದ್ರ ಯಾರು ಏನಂತಾರ? ಇನ್ನೂ ಹಬ್ಬದಾಗ ಅದಾಳ ಅನ್ರಿ.”

ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಚಹಾ ಕೊಟ್ಟು, “ನೋಡೂಣು” ಎಂದರಂತೆ.

ಸೋಮವಾರ ಯಾರೂ ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ನಾನು ಕಾಲೇಜಿಗೆ ಹೋದೆ, ಓದಿದೆ. ಅಕ್ಕೋರು ಎಲ್ಲರೆದುರು “ಮಾಸ್ತರಕಿ ಮಾಡಾಕ ಬರತೈತಿ ಈಕಿಗೆ” ಎಂದ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಯಜಮಾನರು ರವಿವಾರಕ್ಕೊಮ್ಮೆ ಬಂದು ಹೊರಕಟ್ಟೆಯ ಮೇಲೆ ಕೂರುತ್ತಿದ್ದರು. ಅವ್ವ ಗಾಬರಿಯಿಂದ ಎದ್ದರೆ, “ಕರಿಯಾಕ ಬಂದಿಲ್ರಿ ಅತ್ತಿ, ನೋಡಾಕ ಬಂದೇನಿ” ಎಂದು ನಾಚುತ್ತಿದ್ದರು. ಓಣಿಯ ಹೆಂಗಸರು ಇಬ್ಬರನ್ನೂ ಚೇಷ್ಟೆ ಮಾಡಿ ಜೀವ ತಿನ್ನುತ್ತಿದ್ದರು. ಆದರೆ ಅತ್ತೆಯ ಕಡೆಯಿಂದ ಮಾತಿಲ್ಲ. ಕೇಳಿದರೆ ಯಜಮಾನರು, “ಅವ್ವ ಏನೂ ಅಂದಿಲ್ಲ” ಎನ್ನುತ್ತಿದ್ದರು. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಅವ್ವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ನನಗೂ ಒಳಗೆ ಭಯವೇ. ಓದಲು ಬಿಟ್ಟಿದ್ದಾರೋ, ನನ್ನನ್ನೇ ಬಿಟ್ಟಿದ್ದಾರೋ? ಅಕ್ಕೋರನ್ನು ಕೇಳಿದರೆ ಅವರೂ ಆ ಒಂದು ಮಾತಿಗೆ ನಗುತ್ತಿರಲಿಲ್ಲ. “ಗೊತ್ತಿಲ್ಲ ತಂಗಿ. ನೀ ಓದು” ಎನ್ನುತ್ತಿದ್ದರು.

ಬಿಸಿಲು ಕಾಯತೊಡಗಿದಾಗ ಪರೀಕ್ಷೆ ಬಂತು. ಕೈ ಎತ್ತಿದವರಲ್ಲಿ ಒಬ್ಬಿಬ್ಬರನ್ನು ಬಿಟ್ಟು ಎಲ್ಲರೂ ಕೂತೆವು. ವರ್ಗ ಉಳಿಯಿತು. ಅಕ್ಕೋರು ನಿವೃತ್ತರಾಗುವ ಹೊತ್ತಿಗೆ ಅದಕ್ಕೆ ಎರಡು ಕೋಣೆ ಸಾಲುತ್ತಿರಲಿಲ್ಲ. ಆದರೆ ನಾನು ಹೇಳಬೇಕಾದದ್ದು ಕೊನೆಯ ಪೇಪರ್ ಬರೆದು ಹೊರಗೆ ಬಂದ ಮಧ್ಯಾಹ್ನದ ಮಾತು.

ಗೇಟಿನ ನೆರಳಲ್ಲಿ ಅತ್ತೆ ನಿಂತಿದ್ದರು. ಮೈಮೇಲೆ ಹೊಸ ಇಳಕಲ್ ಸೀರೆ, ಕೈಯಲ್ಲೊಂದು ಗಂಟು.

“ಕರಿಯಾಕ ಬಂದೇನಿ” ಎಂದರು. “ಪಂಚಮಿ ಮುಗೀತಿಲ್ಲೋ?”

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವರು ನನ್ನ ಕಡೆ ನೋಡದೆ ನನ್ನ ಹಿಂದೆಯೇ ಹೊರಬಂದಿದ್ದ ಅಕ್ಕೋರ ಕಡೆ ನೇರವಾಗಿ ನಡೆದು ಗಂಟು ಬಿಚ್ಚಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ, ಒಂದು ಗುಳೇದಗುಡ್ಡದ ಖಣ.

“ಮಗಳನ್ನ ಬರೇ ಉಡಿಲೆ ಕಳಸ್ತೀರೇನ್ರಿ ಅಕ್ಕೋರ? ಉಡಿ ತುಂಬ್ರಿ.”

ಅಕ್ಕೋರು ಒಂದು ಹೆಜ್ಜೆ ಹಿಂದೆ ಸರಿದರು. ಮದುವೆಯಾಗದ ಹೆಂಗಸಿನ ಕೈಯಿಂದ ಉಡಿ ತುಂಬಿಸುವುದು ನಮ್ಮಲ್ಲಿ ಎಲ್ಲೂ ಇಲ್ಲ. ಇಡೀ ಊರನ್ನು ನಗಿಸುತ್ತಿದ್ದ ಆ ಹೆಂಗಸನ್ನು ಯಾವ ಮನೆಯಲ್ಲೂ ಆ ಕಾರ್ಯಕ್ಕೆ ಕರೆದವರಿರಲಿಲ್ಲ. “ನನ್ನ ಕೈಲೆ ಬ್ಯಾಡ್ರಿ” ಎಂದರು. ಅಷ್ಟು ಸಣ್ಣ ದನಿಯನ್ನು ಅವರಲ್ಲಿ ನಾನು ಕೇಳಿಯೇ ಇರಲಿಲ್ಲ. “ಅವರವ್ವನ್ನ ಕರಸ್ತೇನಿ.”

“ಅವರವ್ವ ಅವರ ಮನ್ಯಾಗ ತುಂಬತಾಳ. ಇಲ್ಲಿಂದ ಕಳಸೋರು ಯಾರು?” ಎಂದರು ಅತ್ತೆ.

ಅಕ್ಕೋರ ಕೈಗೆ ಸೀಮೆಸುಣ್ಣ ಮೆತ್ತಿತ್ತು. ಸೀರೆಗೆ ಒರೆಸಿಕೊಂಡರು. ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು ದಿಕ್ಕು ತೋಚದೆ, “ಎಷ್ಟು ಸಲ ಹಾಕಬೇಕ್ರಿ? ನಂಗ ಗೊತ್ತಿಲ್ಲ” ಎಂದು ಅತ್ತೆಯ ಮುಖ ನೋಡಿದರು.

“ಐದು ಸಲ.”

ನಾನು ಸೆರಗು ಒಡ್ಡಿದೆ. ಅಕ್ಕೋರು ಒಂದು ಬೊಗಸೆ ಹಾಕಿದರು, ಎರಡು ಹಾಕಿದರು. ಆಮೇಲೆ ಅವರ ಕಣ್ಣಿಂದ ನೀರು ದಳದಳ ಇಳಿಯತೊಡಗಿ ಲೆಕ್ಕ ತಪ್ಪಿತು. ಅತ್ತೆ ತಡೆಯಲಿಲ್ಲ. ಬಂಡೆಯಂಥ ಆ ಹೆಂಗಸು ಅಳುತ್ತ, ನಗುತ್ತ, ಮೂಗು ಏರಿಸುತ್ತ ಹಾಕುತ್ತಲೇ ಇದ್ದರು. ಉಡಿ ಭಾರವಾಗಿ ಕೈ ಸೋಲುತ್ತಿತ್ತು. ಸಾಕ್ರಿ ಎಂದು ನಾನೂ ಹೇಳಲಿಲ್ಲ.